ಒಬ್ಬರಾದರೂ ದಡದಲ್ಲಿ

ಮಾರ್ಚ್ ೩, ಸೋಮವಾರ

ಅಕ್ಕಾ,

ನಗಬೇಡ. ನಾವು ದೋಣಿ ಕೊಂಡಿದ್ದೇವೆ. ಹಾಯಿ ಕಟ್ಟಿ ಗಾಳಿಗೆ ಬಿಡುವ ನಿಜವಾದ ದೋಣಿ. ಹಳೆಯದು. ಬಣ್ಣ ಚಕ್ಕೆ ಎದ್ದಿದೆ, ಚುಕ್ಕಾಣಿಯ ಹಿಡಿಗೆ ಯಾರೋ ಸೈಕಲ್ ಟ್ಯೂಬು ಸುತ್ತಿದ್ದಾರೆ. ಊರಾಚೆಯ ಸರೋವರದ ದೋಣಿಮನೆಯಲ್ಲಿ ಕಟ್ಟಿಹಾಕಿದ್ದೇವೆ. ಕನ್ನಡಕದ ಅಂಗಡಿಯಲ್ಲಿ ವಾರವೆಲ್ಲ ಇನ್ನೊಬ್ಬರ ಕಣ್ಣನ್ನು ಹತ್ತಿರದಿಂದ ನೋಡಿ ನೋಡಿ ಇವರಿಗೆ ಸಾಕಾಗಿದೆಯಂತೆ, ಭಾನುವಾರವಾದರೂ ದೂರ ಏನಾದರೂ ನೋಡಬೇಕಂತೆ. ಹೆರಿಗೆಯಾದ ಮೇಲೆ ನಾನು ಈ ಎರಡು ಕೋಣೆ ಬಿಟ್ಟು ಹೊರಬಿದ್ದಿಲ್ಲ, ನನಗೂ ಗಾಳಿ ಬೇಕು ಅನ್ನುವುದು ಅವರ ಇನ್ನೊಂದು ವಾದ. "ಭಾನುವಾರ ನಾವಿಬ್ಬರೂ ಕಲಿಯೋಣ. ಬೇರೇನೂ ಕೇಳಲ್ಲ ನಿನ್ನ" ಅಂದರು.

ಕಲಿಯುತ್ತೇವೆ. ಆದರೆ ನಾನೊಂದು ಶರತ್ತು ಹಾಕಿದೆ. ಇಬ್ಬರೂ ಒಟ್ಟಿಗೆ ದೋಣಿ ಹತ್ತುವುದಿಲ್ಲ. ಒಬ್ಬರು ನೀರಿನಲ್ಲಿ, ಒಬ್ಬರು ಮಗುವಿನ ಜೊತೆ ದಡದಲ್ಲಿ. ಏನಾದರೂ ಆದರೆ ಮಗುವಿಗೆ ಒಬ್ಬರಾದರೂ ಉಳಿಯಬೇಕು. ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ಆಯ್ತು ಅಂದರು. ಬೇರೆಯವರಿಗೆ ಇದು ಹುಚ್ಚು ಅನ್ನಿಸೀತು. ನಿನಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪ ಅಮ್ಮ ಒಂದೇ ಬಸ್ಸು ಹತ್ತಿ ಹೋಗಿ, ಇಬ್ಬರೂ ತಿರುಗಿ ಬರದೇ ಹೋದಾಗ ನಾನು ಎರಡನೇ ಕ್ಲಾಸು. ನೀನು ಕಾಲೇಜು ಬಿಟ್ಟು ನನಗೆ ಜಡೆ ಹಾಕಲು ಕೂತೆ. ಅವರಲ್ಲಿ ಒಬ್ಬರು ಮುಂದಿನ ಬಸ್ಸಿಗೆ ಹೊರಟಿದ್ದರೆ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಮೆಣಸು ಚೆನ್ನಾಗಿದ್ದಾಳೆ. ನೀನಿಟ್ಟ ಅಡ್ಡಹೆಸರು ಮಗುವಿಗೆ ಸರಿಯಾಗಿಯೇ ಒಪ್ಪಿದೆ: ಇರುವುದು ಕಾಳಿನಷ್ಟು, ಖಾರ ಮಾತ್ರ ಇಡೀ ಬೀದಿಗೆ ಆಗುವಷ್ಟು. ಅವಳು ನಿದ್ದೆ ಮಾಡುತ್ತಾಳೆ. ನನಗೇ ಬರುವುದಿಲ್ಲ. ಅವಳ ಉಸಿರು ಕೇಳುತ್ತಾ ಬಿದ್ದಿರುತ್ತೇನೆ. ಕೇಳಿಸದಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಅವಳು ಎಚ್ಚರಗೊಂಡು ಅಳುತ್ತಾಳೆ, ಆಗ ನನಗೆ ಸಮಾಧಾನ. ಇವರಿಗೆ ಹೇಳಿಲ್ಲ. ಹಸಿವಿಗೆ ಅತ್ತಳು ಅನ್ನುತ್ತೇನೆ.

ನಿನ್ನ
ಪಿಟೀಲು


ಮಾರ್ಚ್ ೧೨, ಬುಧವಾರ

ಪಿಟೀಲು,

ನಿನ್ನ ಕಾಗದ ಬಂದಾಗ ಹಾಸ್ಟೆಲಿನ ಹುಡುಗಿಯರು ಊಟಕ್ಕೆ ಕೂತಿದ್ದರು. ನನ್ನ ತಂಗಿ ದೋಣಿ ಕೊಂಡಿದ್ದಾಳೆ ಅಂತ ಜಂಬದಿಂದ ಹೇಳಿದೆ. ಒಬ್ಬಳು, "ವಾರ್ಡನ್ ಮೇಡಂ, ಅದು ಮುಳುಗಲ್ವಾ?" ಅಂದಳು. ನನ್ನ ತಂಗಿ ಕೂತರೆ ಮುಳುಗಲ್ಲ, ಅವಳು ಅಳೋಕೆ ಶುರು ಮಾಡಿದರೆ ನೀರೇ ಎದ್ದು ಓಡಿಹೋಗುತ್ತೆ ಅಂದೆ. ಚಿಕ್ಕವಳಿದ್ದಾಗ ನೀನು ಎಳೆಯುತ್ತಿದ್ದ ರಾಗ ನೆನೆದರೆ ಈಗಲೂ ಕಿವಿ ಗುಂಯ್ ಅನ್ನುತ್ತದೆ. ಪಿಟೀಲು ಅಂತ ಸುಮ್ಮನೆ ಕರೆದೆನಾ?

ನಿನ್ನ ಶರತ್ತು ಸರಿಯಾಗಿದೆ. ನಾನೇ ಹೇಳಬೇಕೆಂದಿದ್ದೆ, ನೀನು ಮೊದಲೇ ಹೇಳಿದೆ. ಕನ್ನಡಕದವರು ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳು. ಕುತ್ತಿಗೆಗೆ ಬಂದ ಮೇಲೆ ಎಲ್ಲರೂ ಬುದ್ಧಿವಂತರೇ. ನೀನು ಮುಂಚೆಯೇ ಯೋಚಿಸಿದ್ದೀಯ, ಅಷ್ಟೇ ವ್ಯತ್ಯಾಸ.

ಅಪ್ಪ ಅಮ್ಮನ ವಿಷಯ ತೆಗೆದೆ. ಅದೆಲ್ಲ ಈಗ ಯಾಕೆ. ಹೇಳುವಂಥದ್ದೂ ಏನಿಲ್ಲ.

ಮಗು ಮಲಗಿದಾಗ ನೀನೂ ಮಲಗು. ನಿನ್ನಂಥವಳನ್ನು ಬೆಳೆಸಿದವಳು ಹೇಳುತ್ತಿದ್ದೇನೆ, ಮಕ್ಕಳು ಅಷ್ಟು ಸುಲಭಕ್ಕೆ ಎಲ್ಲೂ ಹೋಗುವುದಿಲ್ಲ.

ಅಕ್ಕ


ಏಪ್ರಿಲ್ ೭, ಸೋಮವಾರ

ಅಕ್ಕಾ,

ಕೈಯೆಲ್ಲ ಹಗ್ಗ ಉಜ್ಜಿ ಸಿಪ್ಪೆ ಎದ್ದಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಮಗೆ ಕಲಿಸುವವರು ದೋಣಿಮನೆಯ ಮೇಡಂ. ಮೊದಲು ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವರು, ಕೊರಳಲ್ಲಿ ಇನ್ನೂ ಸೀಟಿ ನೇತಾಡುತ್ತದೆ. ನಮ್ಮದು ಇಬ್ಬರು ಓಡಿಸುವ ದೋಣಿ. ಹಿಂದೆ ಕೂತವರ ಕೈಯಲ್ಲಿ ಚುಕ್ಕಾಣಿ ಮತ್ತು ದೊಡ್ಡ ಹಾಯಿ. ಮುಂದೆ ಕೂತವರದು ಸಣ್ಣ ಹಾಯಿ, ಜೊತೆಗೆ ದೋಣಿ ಒಂದು ಕಡೆಗೆ ವಾಲಿದರೆ ಇನ್ನೊಂದು ಕಡೆಗೆ ಜರುಗಿ ಸಮ ಮಾಡುವ ಕೆಲಸ. ತಿರುಗಿಸುವ ಮೊದಲು ಹಿಂದಿನವರು "ತಿರುಗಿಸ್ತೀನಿ" ಅನ್ನಬೇಕು, ಮುಂದಿನವರು "ಸರಿ" ಅನ್ನಬೇಕು. ಅನ್ನದಿದ್ದರೆ ಹಾಯಿಯ ಅಡ್ಡಮರ ಬೀಸಿ ಬಂದು ತಲೆಗೆ ಬಡಿಯುತ್ತದೆ. ಮದುವೆಯಾದವರಿಗೆ ಇದನ್ನು ಕಲಿಸೋದೇ ಕಷ್ಟ, ಇಬ್ಬರೂ "ತಿರುಗಿಸ್ತೀನಿ" ಅಂತಾರೆ, "ಸರಿ" ಅನ್ನೋರು ಯಾರೂ ಇರಲ್ಲ ಅಂತ ಮೇಡಂ ನಗುತ್ತಾರೆ.

ನಮಗೆ ಆ ತೊಂದರೆ ಇಲ್ಲ. ಇವರ ಸರದಿಗೂ ಮೇಡಮ್ಮೇ ಜೊತೆ, ನನ್ನ ಸರದಿಗೂ ಅವರೇ ಜೊತೆ. ಸರದಿ ಬದಲಾಗುವಾಗ, ದೋಣಿ ಕಟ್ಟುವ ದಕ್ಕೆಯ ಮೇಲೆ ಇವರು ಲೈಫ್ ಜಾಕೆಟ್ ಬಿಚ್ಚಿ ನನಗೆ ಕೊಡುತ್ತಾರೆ, ನಾನು ಮಗುವನ್ನು ಇವರಿಗೆ ಕೊಡುತ್ತೇನೆ. ಕಾರ್ಖಾನೆಯ ಪಾಳಿಯ ಹಾಗೆ.

ಒಂದು ತಮಾಷೆ ಕೇಳು. ಹೋದ ವಾರ ಒಂದು ಬೆಳಿಗ್ಗೆ ಇವರು ಹಲ್ಲುಜ್ಜುತ್ತಾ, "ನಿನ್ನ ತೂಕ ಈಗೆಷ್ಟು?" ಅಂದರು. ಹೆರಿಗೆಯ ಹೊಟ್ಟೆ ಇನ್ನೂ ಇಳಿಯದ ಹೆಂಗಸಿಗೆ ಯಾರಾದರೂ ಹಾಗೆ ಕೇಳುತ್ತಾರಾ? ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ ನಾನು. ಭಾನುವಾರ ನೋಡಿದರೆ ನನ್ನ ತೂಕದಷ್ಟೇ ಮರಳು ತುಂಬಿದ ಚೀಲ ಹೊಲಿಸಿ ತಂದಿದ್ದಾರೆ. ಮೇಡಂ ಇಲ್ಲದೆ ಒಬ್ಬರೇ ಹೋಗುವಾಗ ದೋಣಿ ವಾಲದಂತೆ ಮುಂದಿನ ಜಾಗದಲ್ಲಿ ಅದನ್ನು ಕೂರಿಸಿದರು. "ಇವಳು ಹೆದರಲ್ಲ. ಮಾತೂ ಆಡಲ್ಲ, ಅದೊಂದೇ ಕೊರತೆ" ಅಂದರು. ದೋಣಿಮನೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮುಂದಿನ ಸಣ್ಣ ಹಾಯಿಯನ್ನು ಮಾತ್ರ ಚೀಲ ಎಳೆಯಲಾರದಲ್ಲ, ಅದನ್ನು ಸುತ್ತಿಯೇ ಇಟ್ಟಿದ್ದೇವೆ.

ನಾನೂ ಚೆನ್ನಾಗಿ ಓಡಿಸುತ್ತೇನಂತೆ. ಗಾಳಿ ಹಿಡಿದಾಗ ದೋಣಿ ಒಮ್ಮೆ ಮೈ ಕೊಡವಿ ಎದ್ದು ಹೊರಡುತ್ತದೆ, ಆ ಕ್ಷಣ ನನಗೆ ಇಷ್ಟ. ಆಮೇಲೆ ತಿರುಗಿ ದಡ ನೋಡುತ್ತೇನೆ. ಮಗುವನ್ನು ಎತ್ತಿಕೊಂಡು ಅವರು ನಿಂತಿರುವುದು ಕಂಡರೆ ಸರಿ.

ಪಿಟೀಲು


ಏಪ್ರಿಲ್ ೨೪, ಗುರುವಾರ

ಪಿಟೀಲು,

ಮರಳಿನ ಸವತಿ ಬಂದಳು ಅನ್ನು. ಇರಲಿ ಬಿಡು, ಅಡುಗೆ ಸರಿಯಿಲ್ಲ ಅನ್ನದ ಸವತಿ ಸಿಗುವುದು ಪುಣ್ಯ. ಹುಡುಗಿಯರಿಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು.

ಕನ್ನಡಕದವರು ತಾಳ್ಮೆಯ ಮನುಷ್ಯ. ಸ್ವಲ್ಪ ದಿನ, ಮಗು ನಡೆಯುವಂತಾಗಲಿ, ಎಲ್ಲ ತಾನಾಗಿ ಸರಿಹೋಗುತ್ತದೆ. ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ಆದರೂ ಅವರ ಜೊತೆ ಆಗಾಗ ಕೂತು ಮಾತಾಡು. ದೋಣಿ, ಮಗು, ಹಾಲು ಬಿಟ್ಟು ಬೇರೆ ಏನಾದರೂ.

ಇಲ್ಲಿ ಪರೀಕ್ಷೆ. ಓದುವುದಕ್ಕಿಂತ ಅಳುವುದೇ ಹೆಚ್ಚು. ನಿನ್ನನ್ನು ಸಾಕಿದ ಅನುಭವ ಕೈ ಹಿಡಿಯುತ್ತಿದೆ.

ಅಕ್ಕ


ಜೂನ್ ೯, ಸೋಮವಾರ

ಅಕ್ಕಾ,

ತಡವಾಯಿತು. ಮೆಣಸಿಗೆ ಹಲ್ಲು ಬರುತ್ತಿದೆ, ಕಂಡಿದ್ದನ್ನೆಲ್ಲ ಕಚ್ಚುತ್ತಾಳೆ.

ನೀನು ಹೇಳಿದ ಹಾಗೆ ಮಾತಾಡಲು ಕೂತೆ. ಏನು ಮಾತಾಡುವುದೆಂದು ಹೊಳೆಯದೆ, ಅಂಗಡಿಗೆ ಇವತ್ತು ಎಷ್ಟು ಜನ ಬಂದಿದ್ದರು ಅಂತ ಕೇಳಿದೆ. ಬಂದಿದ್ದರು ಅಂದರು. ಅಷ್ಟರಲ್ಲಿ ಮಗು ಎದ್ದಳು.

ಹಿಂದಿನ ಭಾನುವಾರ ಬಹಳ ಒಳ್ಳೆಯ ಗಾಳಿ ಇತ್ತು. ಇವರು ದಕ್ಕೆಗೆ ಬಂದು, "ನೀರಲ್ಲಿ ನೆಟ್ಟಿರೋ ಆ ಕಂಬದವರೆಗೆ ಹೋಗಿ ಬರೋಣ ಬಾ. ಮೇಡಂ ಮಗು ಎತ್ತಿಕೊಂಡು ಇಲ್ಲೇ ನಿಂತಿರ್ತಾರೆ. ನೀನು ಅವಳನ್ನ ನೋಡ್ತಾನೇ ಇರು, ದೋಣಿ ನಾನು ನೋಡ್ಕೋತೀನಿ" ಅಂದರು. ನಾನು ಹೋಗುವವಳೇ ಇದ್ದೆ ಅಕ್ಕಾ. ಜಾಕೆಟ್ ಹಾಕಿಕೊಂಡೆ, ಒಂದು ಕಾಲು ಇಟ್ಟೆ. ಕಾಲಿಟ್ಟ ಕಡೆ ದೋಣಿ ಸ್ವಲ್ಪ ತಗ್ಗುತ್ತದೆ, ಯಾವಾಗಲೂ ತಗ್ಗುವುದೇ. ಆವತ್ತು ಮಾತ್ರ ಮೇಡಂ ಕೈಯಲ್ಲಿದ್ದ ಮಗುವಿನ ಕಡೆ ತಿರುಗಿದೆ. ಕಾಲು ತೆಗೆದೆ. ಅವಳಿಗೆ ಹಾಲಿನ ಹೊತ್ತಾಯಿತು ಅಂದೆ. ಹಾಲು ಕೊಟ್ಟು ಆಗಷ್ಟೇ ಮುಗಿಸಿದ್ದೆ, ಅವರೂ ನೋಡಿದ್ದರು.

ಅವರೇನೂ ಅಂದುಕೊಳ್ಳಲಿಲ್ಲ. ಚೀಲ ಎತ್ತಿಟ್ಟುಕೊಂಡು ಹೋದರು. ಬರುವಾಗ ಸಂಜೆಯಾಗಿತ್ತು. ಈಗ ಅವರ ಸರದಿ ಉದ್ದವಾಗಿದೆ, ನನ್ನದು ಗಿಡ್ಡ. ಅವರಿಗೊಂದು ಹವ್ಯಾಸ ಸಿಕ್ಕಿತಲ್ಲ, ಒಳ್ಳೆಯದೇ ಆಯಿತು ಅಂದುಕೊಂಡಿದ್ದೇನೆ.

ಬಸ್ಸಿನಲ್ಲೂ ನಾವೀಗ ಒಟ್ಟಿಗೆ ಹೋಗುವುದಿಲ್ಲ. ಲಿಫ್ಟಿನಲ್ಲೂ. ಇವರ ಚಿಕ್ಕಪ್ಪನ ಮನೆಗೆ ಹೋದಾಗ ನಾನೂ ಮಗುವೂ ಮೊದಲು, ಇವರು ಮುಂದಿನ ಬಸ್ಸಿಗೆ. ಬಾಗಿಲು ತೆಗೆದ ಚಿಕ್ಕಮ್ಮ, "ಏನಮ್ಮಾ, ದಾರಿಲೇ ಜಗಳ ಆಡ್ಕೊಂಡ್ರಾ?" ಅಂದರು. ಜಗಳ ಯಾವಾಗ ಆಡಿದ್ದು ಅಂತ ನೆನಪಿಸಿಕೊಂಡರೆ ಆಡಿಯೇ ಇಲ್ಲ. ಅದಕ್ಕೂ ಇಬ್ಬರು ಒಂದು ಕಡೆ ಕೂರಬೇಕಲ್ಲ.

ಮಗು ನನ್ನ ಕೋಣೆಯಲ್ಲಿ ಮಲಗುತ್ತಾಳೆ. ಇವರಿಗೆ ಬೆಳಿಗ್ಗೆ ಕೆಲಸ, ನಿದ್ದೆ ಕೆಡಬಾರದೆಂದು ಆಚೆ ಕೋಣೆಯಲ್ಲಿ ಹಾಸಿಕೊಟ್ಟಿದ್ದೇನೆ.

ಪಿಟೀಲು


ಜುಲೈ ೧೬, ಬುಧವಾರ

ಪಿಟೀಲು,

ನನ್ನ ಎರಡು ಕಾಗದಕ್ಕೆ ಉತ್ತರವಿಲ್ಲ. ಮಗುವಿಗೆ ಹುಷಾರಿದೆಯಾ? ನಿನಗೆ? ಒಂದೇ ಸಾಲು ಬರೆದರೂ ಸಾಕು. ಬರೆಯಲಾಗದಿದ್ದರೆ ಖಾಲಿ ಹಾಳೆ ಹಾಕು, ಓದಿಕೊಳ್ಳುತ್ತೇನೆ.

ಅಕ್ಕ


ಆಗಸ್ಟ್ ೪, ಸೋಮವಾರ

ಅಕ್ಕಾ,

ಎಲ್ಲರೂ ಆರೋಗ್ಯ. ಕನ್ನಡಕದ ಅಂಗಡಿಯವರು ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದಾರೆ, ಇವರು ಅಲ್ಲಿಗೆ ಹೋಗುತ್ತಾರೆ. ಒಳ್ಳೆಯ ಅವಕಾಶ. ದೋಣಿ ಮಾರುತ್ತಿದ್ದೇವೆ. ಸರೋವರದ ಆಚೆ ದಡದ ಇಬ್ಬರು ಅಣ್ಣತಮ್ಮಂದಿರು ಕೊಳ್ಳಲು ಒಪ್ಪಿದ್ದಾರೆ.

ಇಷ್ಟು ಬರೆದು ಕಾಗದ ಮಡಿಸಿದ್ದೆ. ಮತ್ತೆ ಬಿಡಿಸಿದ್ದೇನೆ.

ಇವರೇ ಕೇಳಿ ಹೋಗುತ್ತಿದ್ದಾರೆ. ಬೇರೆಯವರಿಗೆ ಸಿಕ್ಕಿದ್ದ ಕೆಲಸ, ನನಗೆ ಕೊಡಿ ಅಂದರಂತೆ. ನಾವೂ ಬರುತ್ತೇವಾ, ಯಾವಾಗ, ಮನೆ ಎಲ್ಲಿ ನೋಡೋಣ ಅಂತ ನಾನು ಕೇಳುತ್ತಾ ಹೋದೆ. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ ಕೂತಿದ್ದರು. ಅಂಗಡಿಗೆ ಬಂದವರಿಗೆಲ್ಲ ಹಾಗೆ ಒರೆಸಬೇಡಿ ಅನ್ನುವ ಮನುಷ್ಯ.

"ಮಗುಗೆ ಒಬ್ಬರಾದ್ರೂ ಉಳೀಲಿ ಅಂತ ತಾನೇ ಇದೆಲ್ಲ" ಅಂದರು. "ಉಳಿದಿದೆ ನೋಡು. ಅವಳಿಗೆ ಯಾವಾಗ್ಲೂ ಒಬ್ಬರೇ ಇರೋದು. ನಮ್ಮಿಬ್ಬರನ್ನ ಒಂದೇ ಕಡೆ ಅವಳು ಯಾವತ್ತು ನೋಡಿದ್ದಾಳೆ, ಹೇಳು."

ನಾನು ನಿಜವಾಗಿಯೂ ಯೋಚಿಸಿದೆ. ಒಂದು ಊಟ, ಒಂದು ಸಂಜೆ ಸಿಕ್ಕೀತು ಅಂತ ಹುಡುಕಿದೆ. ಪಾಳಿ ಬದಲಾಗುವಾಗ ದಕ್ಕೆಯ ಮೇಲೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಷ್ಟು ಹೊತ್ತು.

ನಾವು ಬೇರೆಯಾಗುತ್ತಿದ್ದೇವಾ ಅಂತ ಕೇಳಿದೆ. "ಒಟ್ಟಿಗಿದ್ವಾ?" ಅಂದರು. ಕೊಂಕು ಇರಲಿಲ್ಲ, ನನಗೇನಾದರೂ ಗೊತ್ತಿರಬಹುದೆಂದು ಕೇಳಿದ ಹಾಗಿತ್ತು. ಭಾನುವಾರ ಬಂದು ಮಗುವನ್ನು ನೋಡಿಕೊಂಡು ಹೋಗುತ್ತಾರಂತೆ. ಆ ಹೊತ್ತಿನಲ್ಲಿ ನಾನು ಮಲಗಬಹುದಂತೆ. ನನಗೆ ನಿದ್ದೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು ಅಕ್ಕಾ. ಇಷ್ಟು ದಿನವೂ ಗೊತ್ತಿತ್ತು.

ನೀನು ಏನೂ ಮಾಡಬೇಡ, ಅವರಿಗೆ ಫೋನ್ ಮಾಡಬೇಡ. ಸುಮ್ಮನೆ ತಿಳಿಸಿದೆ.

ಪಿಟೀಲು


ಆಗಸ್ಟ್ ೧೩, ಬುಧವಾರ

ನನ್ನ ಕಂದಾ,

ಫೋನ್ ಮಾಡುವುದಿಲ್ಲ. ಅವರೇ ನನಗೆ ಮಾಡಿದ್ದರು, ಏಪ್ರಿಲಿನಲ್ಲಿ. ಹಾಸ್ಟೆಲಿನ ಆಫೀಸಿಗೆ. "ಅಕ್ಕಾ, ಅವಳಿಗೆ ನೀವು ಒಂದು ಮಾತು ಹೇಳಿ, ನೀವು ಹೇಳಿದ್ರೆ ಕೇಳ್ತಾಳೆ. ಒಂದೇ ಒಂದು ಸಲ ನನ್ನ ಜೊತೆ ಹತ್ತಲಿ" ಅಂದರು. ನಾನು ದೊಡ್ಡವಳ ಹಾಗೆ ತಾಳ್ಮೆಯ ಪಾಠ ಹೇಳಿ ಫೋನ್ ಇಟ್ಟೆ. ನಿನ್ನ ಕಾಗದಗಳಲ್ಲಿ ನಗು ಇತ್ತು, ನಾನು ಅದನ್ನು ಓದಿ ನಿಶ್ಚಿಂತೆಯಾಗಿದ್ದೆ. ಮರಳಿನ ಚೀಲಕ್ಕೆ ನಗುವ ಬದಲು ನಾನು ಅವತ್ತೇ ಬಸ್ಸು ಹತ್ತಬೇಕಿತ್ತು.

ಈಗ ನಿನಗೊಂದು ವಿಷಯ ಹೇಳುತ್ತೇನೆ. ಇಷ್ಟು ವರ್ಷ ಹೇಳಲಿಲ್ಲ, ಯಾಕೆಂದರೆ ಅದೊಂದು ನನ್ನದೇ ಅಂತಿತ್ತು. ಬಾಯಿಬಿಟ್ಟರೆ ಸವೆದುಹೋದೀತು ಅನ್ನಿಸುತ್ತಿತ್ತು.

ಅಪ್ಪ ಅಮ್ಮ ಹೋಗುವ ಮುಂಚೆ ಸುಮಾರು ದಿನ ಅವರಿಬ್ಬರಿಗೂ ಮಾತಿರಲಿಲ್ಲ. ಯಾಕೋ ನನಗೆ ಗೊತ್ತಿಲ್ಲ. "ನಿಮ್ಮಪ್ಪನಿಗೆ ಹೇಳು, ಊಟ ಆರ್ತಾ ಇದೆ ಅಂತ" ಅನ್ನುವಳು ಅಮ್ಮ, ಒಂದೇ ಕೋಣೆಯಲ್ಲಿ ನಿಂತು. ನಾನು ನಡುವಿನ ಪೋಸ್ಟ್‌ಮ್ಯಾನ್. ಆ ದಿನ ಅಪ್ಪನ ಗೆಳೆಯರ ಮನೆಗೆ ಊಟಕ್ಕೆ ಕರೆದಿದ್ದರು. ಅಮ್ಮ ಬರುವುದಿಲ್ಲ ಅಂದಿದ್ದಳು. ಅಪ್ಪ ಹೊರಟು, ಚಪ್ಪಲಿ ಹಾಕಿಕೊಂಡು, ಬಾಗಿಲಲ್ಲೇ ನಿಂತುಬಿಟ್ಟರು. ಹೋಗಲೂ ಇಲ್ಲ, ಕರೆಯಲೂ ಇಲ್ಲ. ಅಮ್ಮ ಒಳಗಿನಿಂದ ನೋಡಿದಳು, ಸೀರೆ ಬದಲಾಯಿಸಿ ಬಂದಳು. ನೀನು ಮಲಗಿದ್ದೆ. ನಾನು ಕಿಟಕಿಯಲ್ಲಿದ್ದೆ. ಬೀದಿಯ ತಿರುವಿನಲ್ಲಿ ಅಮ್ಮ ಅಪ್ಪನ ತೋಳು ಹಿಡಿದುಕೊಂಡಳು. ಹಿಡಿದು, ಯಾರಾದರೂ ನೋಡಿದರಾ ಅಂತ ತಿರುಗಿದಳು. ನಾನು ನೋಡಿದ್ದು ಕಂಡು ನಾಚಿ ನಕ್ಕಳು. ನಾನು ಅವಳನ್ನು ಕಡೆಯ ಸಲ ನೋಡಿದ್ದು ಹಾಗೆ.

ಒಬ್ಬರು ಉಳಿದಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು. ನಾನು ಕಾಲೇಜು ಮುಗಿಸುತ್ತಿದ್ದೆ, ನಿನ್ನ ಜಡೆ ನೆಟ್ಟಗಿರುತ್ತಿತ್ತು. ಆದರೂ ಅವರು ಅವತ್ತು ಬೇರೆ ಬೇರೆ ಬಸ್ಸಿಗೆ ಹೋಗಬೇಕಿತ್ತು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಮುಂದಿನ ವಾರದ ಶನಿವಾರ ನಮ್ಮಲ್ಲಿ ತಪಾಸಣೆ ಇದೆ, ಅದು ಮುಗಿದ ಕೂಡಲೇ ರಜೆ ಹಾಕಿ ಬರುತ್ತೇನೆ. ದೋಣಿಯನ್ನು ಅಲ್ಲಿಯವರೆಗೆ ಕೊಡಬೇಡಿ. ಮಗುವನ್ನು ನಾನು ಎತ್ತಿಕೊಂಡು ದಡದಲ್ಲಿ ನಿಲ್ಲುತ್ತೇನೆ. ಏನೇ ಆದರೂ ಅವಳಿಗೆ ನಾನಿದ್ದೇನೆ, ಈ ಕೆಲಸ ನನಗೆ ಗೊತ್ತಿದೆ. ನೀನು ಅವರ ಜೊತೆ ಹತ್ತು.

ಅಕ್ಕ


ಆಗಸ್ಟ್ ೧೯, ಮಂಗಳವಾರ

ಅಕ್ಕಾ,

ನಿನ್ನ ಕಾಗದ ನಿನ್ನೆ ಬಂತು. ನಾವು ಭಾನುವಾರವೇ ಹತ್ತಿದೆವು.

ಧೈರ್ಯ ಬಂದು ಹತ್ತಿದ್ದಲ್ಲ. ದೋಣಿಯನ್ನು ಆಚೆ ದಡಕ್ಕೆ ಮುಟ್ಟಿಸಬೇಕಿತ್ತು, ಬೆಳಿಗ್ಗೆಯೇ ಗಾಳಿ ಜೋರಾಗಿತ್ತು. ಇವರು ಚೀಲ ಇಟ್ಟು ಹೊರಡಲು ನೋಡಿದರು. ಈ ಗಾಳಿಗೆ ಮರಳು ಸಾಲಲ್ಲ, ಜೊತೆಗೆ ಮನುಷ್ಯರೇ ಬೇಕು, ಇಲ್ಲದಿದ್ದರೆ ದೋಣಿ ಬಿಚ್ಚೋಕೆ ಬಿಡಲ್ಲ ಅಂತ ಮೇಡಂ ಸೀಟಿ ಊದಿ ನಿಲ್ಲಿಸಿದರು. ನಾನು ಬರ್ತೀನಿ ನಡೀರಿ ಅಂತ ಮೇಡಮ್ಮೇ ಜಾಕೆಟ್ ಹುಡುಕತೊಡಗಿದರು. ಸಂಜೆಯ ಬಸ್ಸಿಗೆ ಇವರು ಹೋಗುವವರಿದ್ದರು. ನಾನು ಮಗುವನ್ನು ಮೇಡಂ ಕೈಗೆ ಕೊಟ್ಟೆ. ಅವಳನ್ನು ನಿಮ್ಮ ಕಾರಿನಲ್ಲಿ ರಸ್ತೆಯ ಮೇಲಿಂದ ಆಚೆ ದಡಕ್ಕೆ ಕರೆತನ್ನಿ ಅಂದೆ. ಭಯ ಹೋಗಿರಲಿಲ್ಲ. ದೋಣಿ ತಗ್ಗಿತು, ನಾನು ಕೂತೆ. ಇವರು ಮರಳಿನ ಚೀಲ ಎತ್ತಿ ದಕ್ಕೆಯ ಮೇಲಿಟ್ಟರು.

ನಮಗೆ ಇಷ್ಟು ಚೆನ್ನಾಗಿ ಬರುತ್ತದೆಂದು ನಮಗೇ ಗೊತ್ತಿರಲಿಲ್ಲ. ಒಬ್ಬರೇ ಟೀಚರ ಹತ್ತಿರ ಬೇರೆ ಬೇರೆ ಕಲಿತವರಲ್ಲವಾ, ಇಬ್ಬರ ಕೈಯೂ ಒಂದೇ. "ತಿರುಗಿಸ್ತೀನಿ" ಅಂದರು. "ಸರಿ" ಅಂದೆ. ಅಡ್ಡಮರ ತಲೆಯ ಮೇಲೆ ಬೀಸಿ ಹೋಗುವಷ್ಟರಲ್ಲಿ ಸಣ್ಣ ಹಾಯಿಯ ಹಗ್ಗ ನನ್ನ ಕೈಯಲ್ಲಿ ಬಿಗಿದಿತ್ತು. ದೋಣಿ ವಾಲುವ ಮೊದಲೇ ನಾನು ಜರುಗಿರುತ್ತಿದ್ದೆ. ಒಂದು ಸಲ ಹಿಂದೆ ನೋಡಿದೆ. ಅವರ ಕನ್ನಡಕದ ಮೇಲೆಲ್ಲ ನೀರಿನ ಹನಿ, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನಾನು ಹಿಂದಕ್ಕೆ ಬಾಗಿ ಕನ್ನಡಕ ತೆಗೆದು ಒರೆಸಿ ಹಾಕಿದೆ. ಕಣ್ಣು ಮುಚ್ಚಿಕೊಂಡು ಮುಖ ಒಡ್ಡಿದರು. ಸೆರಗಿನಲ್ಲಿ ಒರೆಸಬಾರದು ಅಂತ ಗೊತ್ತಿದ್ದೂ ಏನೂ ಹೇಳಲಿಲ್ಲ.

ನಡುನೀರು ದಾಟಿದ ಮೇಲೆ ಆಚೆಯ ಗುಡ್ಡ ಅಡ್ಡ ಬಂದು ಗಾಳಿ ಇಳಿಯಿತು. ಹಗ್ಗ ಸಡಿಲವಾಯಿತು. ಬಿಸಿಲಿತ್ತು. ಮಗು ಇಲ್ಲದ ಕಡೆ ಅವಳ ಉಸಿರಿಗೆ ಕಿವಿಗೊಡುವುದು ಹೇಗೆ? ಹಾಯಿಕಂಬಕ್ಕೆ ಒರಗಿದ್ದು ನೆನಪಿದೆ. ಆಮೇಲೆ ಇವರು ಹೆಗಲು ಮುಟ್ಟಿ "ಬಂತು" ಅಂದದ್ದು ನೆನಪಿದೆ. ನಡುವೆ ಏನೂ ಇಲ್ಲ. ನಾನು ನಿದ್ದೆ ಮಾಡಿದ್ದೆ ಅಕ್ಕಾ. ಕನಸೂ ಇಲ್ಲದ ನಿದ್ದೆ.

ದಡದಲ್ಲಿ ಅಣ್ಣತಮ್ಮಂದಿರು ಹಗ್ಗ ಹಿಡಿದು ಕಟ್ಟಿದರು. ಮಗು ನಮ್ಮಿಬ್ಬರನ್ನೂ ನೋಡಿ ಯಾರ ಕಡೆ ಕೈ ಚಾಚುವುದೆಂದು ತಿಳಿಯದೆ ಸುಮ್ಮನಾದಳು. ಅಲ್ಲಿಂದಲೇ ಇವರಿಗೆ ಬಸ್ಸು ಹತ್ತಿರ. ಮಗುವಿನ ತಲೆ ಮುಟ್ಟಿದರು, ನನಗೆ ಹೋಗಿ ಬರ್ತೀನಿ ಅಂದರು. ಬರ್ತೀನಿ ಅನ್ನುವುದು ಅಭ್ಯಾಸದ ಮಾತು ಅಂತ ನನಗೆ ಗೊತ್ತಿದೆ. ಇರಿ ಅನ್ನಬೇಕೆಂದು ಬಾಯಿ ತೆಗೆದೆ. ಎದ್ದ ಮಂಪರು ಇನ್ನೂ ಇತ್ತೋ ಏನೋ, ಮಾತು ಬರುವಷ್ಟರಲ್ಲಿ ಅವರು ರಸ್ತೆ ದಾಟಿದ್ದರು.

ಕಾರಿನಲ್ಲಿ ವಾಪಸು ಬರುವಾಗ ಮೇಡಂ ಹೇಳಿದರು. "ನಿಮ್ಮ ಯಜಮಾನ್ರು ಅಷ್ಟು ಚೆನ್ನಾಗಿ ಓಡಿಸೋರು, ಇವತ್ತೇನಾಯ್ತು? ದಕ್ಕೆ ಹತ್ರ ಬರೋದು, ತಿರುಗಿಸೋದು, ಮತ್ತೆ ಬರೋದು, ಮತ್ತೆ ತಿರುಗಿಸೋದು. ಆ ಹುಡುಗರು ಹೆದರಿಬಿಟ್ರು, ಈ ದೋಣಿಗೆ ನಿಲ್ಲೋಕೇ ಬರಲ್ವಾ ಅಂತ. ಮಗು ಬೇರೆ ಹಸಿದಿತ್ತು. ನಾನು ಸೀಟಿ ಊದಿದ್ರೆ ಕೈ ಅಡ್ಡ ಮಾಡಿ, ಊದಬೇಡಿ ಅಂತಾರೆ."

ಗಾಳಿಯಿಲ್ಲದ ಕಡೆ ದೋಣಿ ತಿರುಗಿಸುವುದು ಸುಲಭದ ಕೆಲಸವಲ್ಲ. ಅದೂ "ತಿರುಗಿಸ್ತೀನಿ" ಅಂತ ಕೂಗದೆ, ಅಡ್ಡಮರವನ್ನು ಸದ್ದಾಗದಂತೆ ಒಂದು ಕೈಯಲ್ಲಿ ಹಿಡಿದು ದಾಟಿಸುತ್ತಾ. ಅಷ್ಟು ಹೊತ್ತು ಅವರು ನನ್ನನ್ನು ನೋಡುತ್ತಿದ್ದರಾ, ನೀರನ್ನಾ, ಗೊತ್ತಿಲ್ಲ.

ನೀನು ಬಾ ಅಕ್ಕಾ. ಮಗುವನ್ನು ಎತ್ತಿಕೊಂಡು ನಿಲ್ಲಲು ಈಗ ದಡವಿಲ್ಲ, ಆದರೂ ಬಾ.

ಅಮ್ಮ ತೋಳು ಹಿಡಿದದ್ದನ್ನು ಮೂರು ಸಲ ಓದಿದೆ. ಆಮೇಲೆ ಅವರಿಗೆ ಬರೆಯೋಣವೆಂದು ಬೇರೆ ಹಾಳೆ ತೆಗೆದುಕೊಂಡೆ. ನಮ್ಮ ಮದುವೆಯಾದ ಮೇಲೆ ಅವರಿಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು, ಏನೆಂದು ಕರೆಯುವುದೆಂದೂ ತಿಳಿಯಲಿಲ್ಲ. ಕರೆಯದೆಯೇ ಬರೆದೆ: ನನ್ನನ್ನು ಯಾಕೆ ಎಬ್ಬಿಸಲಿಲ್ಲ?

ಬೆಳಿಗ್ಗೆಯಿಂದ ಆ ಹಾಳೆಯಲ್ಲಿ ಅಷ್ಟೇ ಇದೆ.

ಪಿಟೀಲು